ಅಲ್ಟ್ರಾಸಾನಿಕ್ ವೆಲ್ಡಿಂಗ್‌ನಲ್ಲಿ ವೈರ್ ಜೋಡಿಸುವುದು: ಸುಲಿಯುವುದರಿಂದ ಸ್ಲೀವ್ ಹಾಕುವವರೆಗೆ

ಓದುಗರಿಂದ ಬರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಬೆಸುಗೆ ನೋಡಲು ಚೆನ್ನಾಗಿಯೇ ಇದೆ, ಆದರೆ ಎಳೆದರೆ ಒಂದು ವೈರ್ ಕೈಗೇ ಬರುತ್ತದೆ. ಪವರ್ ಹೆಚ್ಚಿಸಬೇಕೆ?" ನನ್ನ ಉತ್ತರವೂ ಹೆಚ್ಚುಕಡಿಮೆ ಒಂದೇ: ಮೊದಲು ವೈರ್ ನೋಡಿ, ಆಮೇಲೆ ಯಂತ್ರ ಮುಟ್ಟಿ. ಬಹುಪಾಲು ಸಲ ತಪ್ಪು ನಡೆದಿರುವುದು ವೈರ್ ಯಂತ್ರದ ಬಾಯಿಗೆ ಹೋಗುವ ಮೊದಲೇ. ಹಾಗಾಗಿ ಈ ಲೇಖನದಲ್ಲಿ ಬಟನ್ ಒತ್ತುವ ವಿಷಯ ಸ್ವಲ್ಪ, ಒತ್ತುವ ಮೊದಲಿನ ಮತ್ತು ನಂತರದ ಕೆಲಸವೇ ಜಾಸ್ತಿ.

ಒಳಗೆ ನಡೆಯುವುದೇನು

ಹೆಸರಿನಲ್ಲಿ ವೆಲ್ಡಿಂಗ್ ಇದ್ದರೂ ಇಲ್ಲಿ ಲೋಹ ಕರಗುವುದಿಲ್ಲ. ತಾಮ್ರ ಕರಗಲು 1085 ಡಿಗ್ರಿ ಸೆಲ್ಸಿಯಸ್ ಬೇಕು; ಬೆಸುಗೆಯ ಜಾಗ ಬಿಸಿಯಾಗುತ್ತದೆ ನಿಜ, ಆದರೆ ಅಷ್ಟು ದೂರ ಹೋಗುವುದಿಲ್ಲ. ನಡೆಯುವುದು ತಿಕ್ಕಾಟ. ಗಾಳಿ ಸೋಕಿದ ಪ್ರತಿ ತಾಮ್ರದ ಎಳೆಯ ಮೇಲೂ ಕಣ್ಣಿಗೆ ಕಾಣದಷ್ಟು ತೆಳುವಾದ ಆಕ್ಸೈಡ್ ಪದರ ಕೂತಿರುತ್ತದೆ. ಎಳೆಗಳನ್ನು ಬಲವಾಗಿ ಅದುಮಿ ಹಿಡಿದು, ಸೆಕೆಂಡಿಗೆ 20,000 ಸಲ ಒಂದಕ್ಕೊಂದು ಉಜ್ಜಿದರೆ ಆ ಪದರ ಒಡೆದು ಚದುರುತ್ತದೆ. ಅಡಿಯಲ್ಲಿದ್ದ ಶುದ್ಧ ಲೋಹಕ್ಕೆ ಶುದ್ಧ ಲೋಹವೇ ತಾಗಿ ಎರಡೂ ಹಿಡಿದುಕೊಳ್ಳುತ್ತವೆ. ಸೋಲ್ಡರ್ ಇಲ್ಲ, ಫ್ಲಕ್ಸ್ ಇಲ್ಲ, ವೈರ್ ಮೇಲೆ ಅದುಮಿ ಕೂಡಿಸುವ ಕ್ರಿಂಪ್ ಎಂಬ ಲೋಹದ ತುಂಡೂ ಇಲ್ಲ. ಅರ್ಧ ಸೆಕೆಂಡಿನ ಬೆಸುಗೆ ಎಂದರೆ ಹತ್ತು ಸಾವಿರ ಉಜ್ಜು.

ಪ್ರತಿ ಉಜ್ಜಿನ ಉದ್ದ ಎಷ್ಟು? ಮಿಲಿಮೀಟರ್‌ನ ನೂರನೇ ಕೆಲವು ಭಾಗ, ಕೂದಲೆಳೆಯ ದಪ್ಪದ ಆಸುಪಾಸು. ಇದಕ್ಕೆ ಆಂಪ್ಲಿಟ್ಯೂಡ್ ಎನ್ನುತ್ತಾರೆ. ಇಷ್ಟು ಚಿಕ್ಕ ಚಲನೆ ಎನ್ನುವುದನ್ನು ನೆನಪಿಡಿ. ಎಳೆಗಳ ನಡುವೆ ಎಣ್ಣೆಯ ಪಸೆಯೋ ಪ್ಲಾಸ್ಟಿಕ್ ಚೂರೋ ಇದ್ದರೆ ಉಜ್ಜಾಟವೆಲ್ಲ ಅದರಲ್ಲೇ ಜಾರಿಹೋಗುತ್ತದೆ.

ಯಂತ್ರದ ಭಾಗಗಳು

ಜನರೇಟರ್ ಎಂದರೆ ಗೋಡೆಯ ಪ್ಲಗ್ಗಿನ 50 ಅಥವಾ 60 ಹರ್ಟ್ಸ್ ವಿದ್ಯುತ್ತನ್ನು 20 ಕಿಲೋಹರ್ಟ್ಸ್‌ಗೆ ಏರಿಸುವ ಪೆಟ್ಟಿಗೆ. ಸಣ್ಣ ಕೆಲಸದ ಯಂತ್ರಗಳಲ್ಲಿ 35 ಅಥವಾ 40 ಕಿಲೋಹರ್ಟ್ಸ್ ಕೂಡ ಇರುತ್ತದೆ. ಕನ್ವರ್ಟರ್ ಒಳಗೆ ಪೀಜೋ ಸೆರಾಮಿಕ್ ಬಿಲ್ಲೆಗಳಿವೆ. ವಿದ್ಯುತ್ ಬದಲಾದಂತೆ ಅವು ಹಿಗ್ಗಿ ಕುಗ್ಗಿ ಕಂಪನ ಹುಟ್ಟಿಸುತ್ತವೆ. ಬೂಸ್ಟರ್ ಆ ಕಂಪನದ ಅಳತೆಯನ್ನು ಹಿಗ್ಗಿಸುವ ಇಲ್ಲವೇ ತಗ್ಗಿಸುವ ಲೋಹದ ತುಂಡು. ಕೊನೆಯಲ್ಲಿ ಹಾರ್ನ್, ಅಂದರೆ ಸೋನೋಟ್ರೋಡ್. ವೈರ್‌ಗೆ ತಾಗುವುದು ಇದೇ. ಜಾರದಂತೆ ಇದರ ಮುಖದ ಮೇಲೆ ಅರದ ಹಲ್ಲಿನಂಥ ಗೆರೆಗಳಿರುತ್ತವೆ. ಎದುರಿಗೆ ಅಲುಗಾಡದೆ ನಿಲ್ಲುವುದು ಆನ್ವಿಲ್, ಕಮ್ಮಾರನ ಅಡಿಗಲ್ಲಿನ ಹಾಗೆ. ಅಕ್ಕಪಕ್ಕದ ಗೋಡೆಗಳಂತೆ ಎರಡು ದವಡೆಗಳು ವೈರ್‌ಗಳನ್ನು ಒಟ್ಟಿಗೆ ಕೂಡಿಹಾಕುತ್ತವೆ. ಬೆಸುಗೆಯಾದ ಮೇಲೆ ಹೊರಬರುವ ಚೌಕನೆಯ ಗಟ್ಟಿ ತುಂಡಿಗೆ ನಗೆಟ್ ಎನ್ನುತ್ತಾರೆ.

ಪ್ಲಾಸ್ಟಿಕ್ ಬೆಸೆಯುವ ಅಲ್ಟ್ರಾಸಾನಿಕ್ ಯಂತ್ರ ನಮ್ಮಲ್ಲಿದೆ, ಅದರಲ್ಲೇ ಆಗುತ್ತದೆಯೇ ಎಂದು ಕೇಳುವವರಿದ್ದಾರೆ. ಆಗುವುದಿಲ್ಲ. ಪ್ಲಾಸ್ಟಿಕ್ ಯಂತ್ರದ ಹಾರ್ನ್ ಮೇಲೆ ಕೆಳಗೆ ಕುಟ್ಟುತ್ತದೆ, ಲೋಹದ ಯಂತ್ರದ್ದು ಅಡ್ಡಡ್ಡ ಉಜ್ಜುತ್ತದೆ. ಕುಟ್ಟಿದರೆ ತಾಮ್ರ ಚಪ್ಪಟೆಯಾದೀತು, ಕೂಡಿಕೊಳ್ಳುವುದಿಲ್ಲ. ಅಲ್ಟ್ರಾಸಾನಿಕ್ ಕ್ಲೀನಿಂಗ್ ತೊಟ್ಟಿಯ ಟ್ರಾನ್ಸ್‌ಡ್ಯೂಸರ್ (ಕಂಪನ ಹುಟ್ಟಿಸುವ ಭಾಗ) ಬಿಚ್ಚಿ ಮನೆಯಲ್ಲೇ ಯಂತ್ರ ಕಟ್ಟುವ ಯೋಚನೆಯನ್ನೂ ಬಿಡಿ. ಒಳಗೆ ಹರಿಯುವ ವೋಲ್ಟೇಜ್ ಪ್ರಾಣಕ್ಕೆ ಅಪಾಯ. ಅಪರೂಪಕ್ಕೆ ನಾಲ್ಕು ಜೋಡಣೆ ಮಾಡುವವರಿಗೆ ಒಳ್ಳೆಯ ಕ್ರಿಂಪ್ ಸಾಕು, ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಈ ಯಂತ್ರ ಬೇಕಾಗುವುದು ಹಾರ್ನೆಸ್ ಕೆಲಸಕ್ಕೆ, ಅಂದರೆ ವಾಹನ ಮತ್ತು ಉಪಕರಣಗಳ ಒಳಗಿನ ವೈರ್ ಕಟ್ಟುಗಳನ್ನು ಸಾಲುಸಾಲಾಗಿ ತಯಾರಿಸುವವರಿಗೆ.

1. ವೈರ್ ಸರಿಯಿದೆಯೇ ನೋಡಿ

ಚೆನ್ನಾಗಿ ಬೆಸೆಯುವುದು ಲೇಪನವಿಲ್ಲದ, ಸಣ್ಣ ಎಳೆಗಳಿರುವ ತಾಮ್ರದ ವೈರ್. ಎಳೆ ಸಣ್ಣದಾಗಿ ಹೆಚ್ಚಿದ್ದಷ್ಟೂ ಒಂದಕ್ಕೊಂದು ತಾಗುವ ಜಾಗ ಹೆಚ್ಚು. ಗೋಡೆಯೊಳಗಿನ ವೈರಿಂಗ್‌ನಲ್ಲಿ ಕಾಣುವಂಥ ಒಂಟಿ ದಪ್ಪ ತಂತಿ ಈ ವಿಧಾನಕ್ಕೆ ಒಗ್ಗುವುದಿಲ್ಲ.

ತವರ ಲೇಪಿಸಿದ ವೈರ್ ಬಗ್ಗೆ ಹುಷಾರು. ಬೆಳ್ಳಗೆ ಹೊಳೆಯುವ ಈ ವೈರ್ ಸೋಲ್ಡರಿಂಗ್‌ಗೆ ಬಲು ಅನುಕೂಲ, ಹಾಗಾಗಿ ಇಲ್ಲೂ ಒಳ್ಳೆಯದೇ ಇರಬೇಕೆಂದು ಅನೇಕರು ಅಂದುಕೊಳ್ಳುತ್ತಾರೆ. ಆಗುವುದು ತದ್ವಿರುದ್ಧ. ತವರ ಮೆದು, 232 ಡಿಗ್ರಿಗೇ ಕರಗುತ್ತದೆ. ಎಳೆಗಳ ನಡುವೆ ಗ್ರೀಸ್ ಸವರಿದಂತಾಗಿ ಉಜ್ಜಾಟ ಜಾರುತ್ತದೆ. ಬೆಸೆಯಲು ಸಾಧ್ಯವೇ ಇಲ್ಲ ಎಂದಲ್ಲ, ಆದರೆ ಲೇಪನದ ದಪ್ಪ ಒಂದು ರೋಲಿನಿಂದ ಇನ್ನೊಂದಕ್ಕೆ ಬದಲಾದರೆ ಫಲಿತಾಂಶವೂ ಬದಲಾಗುತ್ತದೆ. ಬರಿ ತಾಮ್ರಕ್ಕೆ ಇಟ್ಟ ಸೆಟ್ಟಿಂಗ್ ಇದಕ್ಕೆ ನಡೆಯದು.

ಅಲ್ಯೂಮಿನಿಯಂ ವೈರ್‌ಗೆ ಈ ವಿಧಾನ ವರದಾನ. ಅದರ ಮೇಲಿನ ಆಕ್ಸೈಡ್ ಎಷ್ಟು ಗಟ್ಟಿಯೆಂದರೆ ಒಳಗಿನ ಲೋಹ 660 ಡಿಗ್ರಿಗೆ ಕರಗಿದರೂ ಆ ಪದರ 2000 ಡಿಗ್ರಿ ದಾಟಿದರಷ್ಟೇ ಕರಗುವುದು. ಸೋಲ್ಡರ್ ಹಿಡಿಯದೆ ಸತಾಯಿಸುವುದು ಅದಕ್ಕೇ. ಉಜ್ಜಿ ಒಡೆಯುವ ವಿಧಾನಕ್ಕೆ ಅದು ಅಷ್ಟು ದೊಡ್ಡ ತಡೆಯಲ್ಲ. ಆದರೆ ಅಲ್ಯೂಮಿನಿಯಂ ಹಾರ್ನ್‌ನ ಹಲ್ಲಿಗೆ ಮೆತ್ತಿಕೊಳ್ಳುತ್ತದೆ, ಆಗಾಗ ಶುಚಿ ಮಾಡಬೇಕು. ತಾಮ್ರದ ಜೊತೆ ಅಲ್ಯೂಮಿನಿಯಂ ಬೆಸೆದಿದ್ದರೆ ಆ ಜಾಗಕ್ಕೆ ತೇವ ತಾಗಿದ ದಿನವೇ ತುಕ್ಕಿನ ಕೆಲಸ ಶುರು, ಆದ್ದರಿಂದ ನೀರು ಹೋಗದಂತೆ ಮುಚ್ಚುವುದು ಕಡ್ಡಾಯ.

ಬಣ್ಣವನ್ನೂ ನೋಡಿ. ಸುಲಿದಾಗ ತಾಮ್ರ ಹೊಸ ಬಿಂದಿಗೆಯ ಹಾಗೆ ತಿಳಿಗೆಂಪಾಗಿರಬೇಕು. ಕಂದು, ಕಪ್ಪು, ಹಸಿರು ಕಂಡರೆ ಆ ತುದಿ ಕತ್ತರಿಸಿ ಇನ್ನಷ್ಟು ಒಳಗೆ ಸುಲಿಯಿರಿ. ಅಲ್ಲಿಯೂ ಹಾಗೇ ಇದ್ದರೆ ರೋಲನ್ನೇ ಪಕ್ಕಕ್ಕಿಡಿ.

2. ಅಡ್ಡಕೊಯ್ತ ಕೂಡಿಸಿ

ಯಂತ್ರಕ್ಕೆ ಮೊದಲು ತಿಳಿಸಬೇಕಾದದ್ದು ಬೆಸೆಯುವ ತಾಮ್ರ ಒಟ್ಟು ಎಷ್ಟು ಎಂಬುದು. ಅಡ್ಡಕೊಯ್ತ ಅಂದರೆ ವೈರನ್ನು ಅಡ್ಡ ಕತ್ತರಿಸಿದಾಗ ಕಾಣುವ ಲೋಹದ ವಿಸ್ತೀರ್ಣ, ಚದರ ಮಿಲಿಮೀಟರ್‌ಗಳಲ್ಲಿ. ವೈರ್ ಮೇಲೆ ಅಳತೆ ಅಳಿಸಿಹೋಗಿದ್ದರೆ ಎಳೆ ಎಣಿಸಿ: ಒಂದು ಎಳೆಯ ವ್ಯಾಸವನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು 0.785ರಿಂದ ಗುಣಿಸಿ, ಎಳೆಗಳ ಸಂಖ್ಯೆಯಿಂದ ಗುಣಿಸಿದರಾಯಿತು. 0.2 ಮಿಲಿಮೀಟರ್‌ನ 16 ಎಳೆ ಇದ್ದರೆ ಅರ್ಧ ಚದರ ಮಿಲಿಮೀಟರ್, 32 ಇದ್ದರೆ ಒಂದು.

ಒಂದು ಉದಾಹರಣೆ ಹಿಡಿಯೋಣ. ಎರಡು 0.5, ಒಂದು 1.0, ಒಂದು 2.5 ವೈರ್ ಕೂಡಿದರೆ 4.5 ಚದರ ಮಿಲಿಮೀಟರ್. ಈ ಲೆಕ್ಕ ಮುಂದೆ ಮತ್ತೆ ಬೇಕು.

ಗೇಜ್ ಸಂಖ್ಯೆಗಳಲ್ಲಿ ಕೆಲಸ ಮಾಡುವವರು ಇಲ್ಲೇ ಎಡವುತ್ತಾರೆ. ಅಮೆರಿಕದ ಗೇಜ್ ಪದ್ಧತಿಯಾದ ಎಡಬ್ಲ್ಯುಜಿ ಅಂಕಿಗಳನ್ನು ಕೂಡಿಸಲು ಬರುವುದಿಲ್ಲ, ಅಂಕಿ ದೊಡ್ಡದಾದಷ್ಟೂ ವೈರ್ ಸಣ್ಣದು. 18 ಗೇಜ್ ಎಂದರೆ ಸುಮಾರು 0.82, 20 ಎಂದರೆ 0.52, 22 ಎಂದರೆ 0.33 ಚದರ ಮಿಲಿಮೀಟರ್. ಪ್ರತಿಯೊಂದನ್ನೂ ಮೊದಲು ಹೀಗೆ ಬದಲಾಯಿಸಿ, ಆಮೇಲೆ ಕೂಡಿಸಿ.

ತೀರಾ ಸಣ್ಣ ವೈರನ್ನು ತೀರಾ ದಪ್ಪದ ಜೊತೆ ಹಾಕಬೇಡಿ. ದಪ್ಪದ್ದಕ್ಕೆ ಬೇಕಾದಷ್ಟು ಶಕ್ತಿ ಕೊಟ್ಟರೆ ಸಣ್ಣದು ತುಂಡಾಗುತ್ತದೆ, ಸಣ್ಣದನ್ನು ಉಳಿಸಲು ಹೋದರೆ ದಪ್ಪದ್ದು ಕೂಡಿಕೊಳ್ಳುವುದಿಲ್ಲ. ಎಷ್ಟು ಅಂತರ ನಡೆಯುತ್ತದೆ ಎನ್ನುವುದು ನಿಮ್ಮ ಯಂತ್ರದ ಕೈಪಿಡಿಯಲ್ಲಿರುತ್ತದೆ.

3. ಸುಲಿಯಿರಿ

ಕೆಡುವುದು ಹೆಚ್ಚಾಗಿ ಈ ಹಂತದಲ್ಲೇ, ಹಾಗಾಗಿ ಸ್ವಲ್ಪ ನಿಧಾನಿಸಿ.

ಸುಲಿಯುವ ಉದ್ದ ಹಾರ್ನ್‌ನ ಅಗಲಕ್ಕಿಂತ ಕೆಲವೇ ಮಿಲಿಮೀಟರ್ ಹೆಚ್ಚಿರಲಿ. ಎಲ್ಲ ವೈರ್‌ಗಳದ್ದೂ ಒಂದೇ ಉದ್ದವಿರಬೇಕು. ಕಡಿಮೆಯಾದರೆ ಇನ್ಸುಲೇಷನ್, ಅಂದರೆ ವೈರಿನ ಪ್ಲಾಸ್ಟಿಕ್ ಹೊದಿಕೆ, ದವಡೆಗೆ ಸಿಕ್ಕಿ ಬೆಸುಗೆಯೊಳಗೆ ನುಗ್ಗುತ್ತದೆ. ಜಾಸ್ತಿಯಾದರೆ ಬರಿ ತಾಮ್ರ ಹೊರಗೆ ನೇತಾಡುತ್ತದೆ.

ಬ್ಲೇಡ್ ಒಂದು ಎಳೆಯನ್ನೂ ಕಚ್ಚಕೂಡದು. ಗಾಯವಾದ ಎಳೆ ಕಂಪನ ತಾಳುವುದಿಲ್ಲ, ಅಲ್ಲೇ ಮುರಿಯುತ್ತದೆ. ಸೆಟ್ಟಿಂಗ್‌ನದೇ ತಪ್ಪೆಂದು ದಿನವಿಡೀ ಹುಡುಕಿ, ಕೊನೆಗೆ ಮೊಂಡು ಸ್ಟ್ರಿಪ್ಪರ್ ಬ್ಲೇಡಿನ ಬುಡಕ್ಕೆ ಬಂದು ನಿಂತಿದ್ದೇನೆ. ಬಿಸಿ ಬ್ಲೇಡಿನಿಂದ ಸುಲಿದರೆ ಕರಗಿದ ಪ್ಲಾಸ್ಟಿಕ್ಕಿನ ತೆಳು ಪೊರೆ ತಾಮ್ರದ ಮೇಲೆ ಉಳಿಯಬಹುದು, ಕಣ್ಣಿಗೆ ಕಾಣದು.

ಎಳೆಗಳನ್ನು ಹೊಸೆಯಬೇಡಿ. ಸುಲಿದ ತಕ್ಷಣ ಬೆರಳಲ್ಲಿ ಹುರಿಮಾಡುವುದು ನಮ್ಮೆಲ್ಲರ ಕೈಗೆ ಅಂಟಿದ ಚಾಳಿ. ಬೇರೆ ಜೋಡಣೆಗಳಲ್ಲಿ ಅದು ಅನುಕೂಲವಾದೀತು. ಇಲ್ಲಿ ಹುರಿಗಟ್ಟಿದ ವೈರ್ ದುಂಡನೆಯ ಸರಳಿನಂತೆ ನಿಂತು ಪಕ್ಕದ ಎಳೆಗಳ ಜೊತೆ ಬೆರೆಯುವುದಿಲ್ಲ. ಜೊತೆಗೆ ಬೆರಳಿನ ಬೆವರು, ಎಣ್ಣೆ ಬೇರೆ. ಸುಲಿದ ಭಾಗವನ್ನು ಮುಟ್ಟಲೇಬೇಡಿ, ಇನ್ಸುಲೇಷನ್ ಹಿಡಿದೇ ಕೆಲಸ ಮಾಡಿ.

ಸುಲಿದದ್ದನ್ನು ಅವತ್ತೇ ಬೆಸೆಯಿರಿ. ಸುಲಿದ ಕಟ್ಟುಗಳನ್ನು ರಾಶಿ ಹಾಕಿ ವಾರಾಂತ್ಯ ಕಳೆದು ಬಂದರೆ, ಶುಕ್ರವಾರ ಚೆನ್ನಾಗಿ ಓಡುತ್ತಿದ್ದ ಸೆಟ್ಟಿಂಗ್ ಸೋಮವಾರ ಕೈಕೊಡುತ್ತದೆ.

4. ಯಂತ್ರದ ಬಾಯಿ ನೋಡಿ

ವಿದ್ಯುತ್ ಆರಿಸಿ ಹಾರ್ನ್‌ನ ಹಲ್ಲು ನೋಡಿ. ಗೆರೆಗಳು ಸವೆದು ನುಣುಪಾಗಿದ್ದರೆ ಹಾರ್ನ್ ವೈರಿನ ಮೇಲೆ ಜಾರುತ್ತದೆ, ಎಷ್ಟು ಪವರ್ ಕೊಟ್ಟರೂ ವ್ಯರ್ಥ. ಎಷ್ಟೋ ಹಾರ್ನ್‌ಗಳಿಗೆ ಒಂದಕ್ಕಿಂತ ಹೆಚ್ಚು ಮುಖಗಳಿರುತ್ತವೆ, ಒಂದು ಸವೆದರೆ ತಿರುಗಿಸಿ ಇನ್ನೊಂದನ್ನು ಬಳಸಬಹುದು. ತಿರುಗಿಸಿದ ಮೇಲೆ ಬಿಗಿಯ ಬಲವನ್ನು ಅಳೆದು ತೋರಿಸುವ ಟಾರ್ಕ್ ವ್ರೆಂಚ್‌ನಲ್ಲೇ ಬಿಗಿಮಾಡಿ. ಅಂದಾಜಿಗೆ ಬಿಗಿ ಮಾಡಿದ ಹಾರ್ನ್ ಸಡಿಲವಾಗಿ ಕಿರುಚುತ್ತದೆ, ಬಿಸಿಯಾಗುತ್ತದೆ.

ಹಾರ್ನ್‌ಗೂ ದವಡೆಗೂ ನಡುವಿನ ಸಂದು ಕೈಪಿಡಿಯಲ್ಲಿ ಹೇಳಿದಷ್ಟೇ ಇರಬೇಕು, ಫೀಲರ್ ಗೇಜ್‌ನಿಂದ ಅಳೆಯಿರಿ. ಹೆಚ್ಚಿದ್ದರೆ ಎಳೆಗಳು ಆ ಸಂದಿಗೆ ನುಸುಳಿ ಕತ್ತರಿಸಿಹೋಗುತ್ತವೆ. ಏನೇನೂ ಇಲ್ಲದಿದ್ದರೆ ಲೋಹಕ್ಕೆ ಲೋಹ ಉಜ್ಜಿ, ದುಬಾರಿ ಹಾರ್ನ್ ಕೆಲವೇ ಕ್ಷಣದಲ್ಲಿ ಹಾಳು. ಇದೇ ಕಾರಣಕ್ಕೆ ವೈರ್ ಇಡದೆ, ಖಾಲಿ ಬಾಯಿಗೆ ಯಂತ್ರ ಓಡಿಸಬೇಡಿ.

5. ವೈರ್ ಇಡಿ

ವೈರ್‌ಗಳನ್ನು ಅಕ್ಕಪಕ್ಕ ಹರಡದೆ ಒಂದರ ಮೇಲೊಂದು ಪೇರಿಸಿ. ಒತ್ತಡ ಮೇಲಿನಿಂದ ಕೆಳಗೆ ಎಲ್ಲವನ್ನೂ ಹಾದುಹೋಗಬೇಕು; ಪಕ್ಕದಲ್ಲಿ ಮಲಗಿದ ವೈರ್‌ಗೆ ಆ ಪಾಲು ಸಿಗುವುದಿಲ್ಲ. ಸಣ್ಣ ವೈರ್ ಯಾವ ಕಡೆಗಿರಬೇಕು ಎನ್ನುವುದು ಯಂತ್ರದ ವಿನ್ಯಾಸಕ್ಕೆ ತಕ್ಕಂತೆ ಬದಲಾಗುತ್ತದೆ, ಆದರೆ ಒಮ್ಮೆ ಗೊತ್ತುಮಾಡಿದ ಅನುಕ್ರಮ ಮೊದಲ ತುಂಡಿಗೂ ಸಾವಿರನೆಯ ತುಂಡಿಗೂ ಒಂದೇ ಇರಲಿ. ಅನುಕ್ರಮದ ಚಿತ್ರವೊಂದನ್ನು ಬರೆದು ಯಂತ್ರದ ಎದುರಿಗೇ ಅಂಟಿಸಿ.

ಜೋಡಣೆಯಲ್ಲಿ ಎರಡು ಬಗೆ. ಎಲ್ಲ ವೈರ್‌ಗಳೂ ಒಂದೇ ಕಡೆಯಿಂದ ಬಂದು ತುದಿಯಲ್ಲಿ ಕೂಡಿದರೆ ಎಂಡ್ ಸ್ಪ್ಲೈಸ್. ಎರಡೂ ಕಡೆಯಿಂದ ಬಂದು ನಡುವೆ ಕೂಡಿದರೆ ಇನ್‌ಲೈನ್ ಸ್ಪ್ಲೈಸ್. ಇನ್‌ಲೈನ್‌ನಲ್ಲಿ ಎದುರುಬದುರಿನ ತುದಿಗಳು ಹಾರ್ನ್‌ನ ಪೂರ್ತಿ ಅಗಲದಲ್ಲಿ ಒಂದರ ಮೇಲೊಂದು ಬರಬೇಕು, ಮೂತಿಗೆ ಮೂತಿ ತಾಗಿ ನಿಂತರೆ ಸಾಲದು.

ಇನ್ಸುಲೇಷನ್ನಿನ ಅಂಚು ಹಾರ್ನ್‌ನಿಂದ ಒಂದೆರಡು ಮಿಲಿಮೀಟರ್ ದೂರವಿರಲಿ. ಎಲ್ಲ ಎಳೆಗಳೂ ದವಡೆಯ ಒಳಗಿವೆಯೇ ಎಂದು ಬಗ್ಗಿ ನೋಡಿ.

6. ಸೆಟ್ಟಿಂಗ್ ಹುಡುಕಿ

ನಿಮ್ಮ ಕೈಲಿರುವ ತಿರುಪುಗಳು ನಾಲ್ಕು: ದವಡೆಗಳ ನಡುವಿನ ಅಗಲ, ಒತ್ತಡ, ಆಂಪ್ಲಿಟ್ಯೂಡ್, ಶಕ್ತಿ. ಶಕ್ತಿಯನ್ನು ಜೌಲ್‌ಗಳಲ್ಲಿ ಹೇಳುತ್ತಾರೆ. ನಿಗದಿತ ಜೌಲ್ ಖರ್ಚಾದೊಡನೆ ಯಂತ್ರ ತಾನೇ ನಿಲ್ಲುತ್ತದೆ. ಆಧುನಿಕ ಯಂತ್ರಕ್ಕೆ ಅಡ್ಡಕೊಯ್ತ ಹೇಳಿದರೆ ಶುರುವಿನ ಅಂಕಿಗಳನ್ನು ಅದೇ ಕೊಡುತ್ತದೆ. ಅದು ಶುರು ಅಷ್ಟೇ.

ಮಿಕ್ಕ ಮೂರನ್ನು ಮುಟ್ಟದೆ ಶಕ್ತಿಯನ್ನು ಮಾತ್ರ ಕಡಿಮೆಯಿಂದ ಹಂತಹಂತವಾಗಿ ಏರಿಸಿ. ಪ್ರತಿ ಹಂತದಲ್ಲೂ ಐದು ತುಂಡು ಮಾಡಿ, ಎಳೆದು, ಎಷ್ಟಕ್ಕೆ ಬಿಟ್ಟುಕೊಂಡಿತು ಎಂದು ಬರೆದಿಡಿ. ಮೊದಮೊದಲು ಬಲ ಏರುತ್ತದೆ, ಆಮೇಲೆ ಹೆಚ್ಚುಕಡಿಮೆ ಸಮತಟ್ಟಾಗುತ್ತದೆ, ಇನ್ನೂ ಏರಿಸಿದರೆ ಇಳಿಯತೊಡಗುತ್ತದೆ, ಏಕೆಂದರೆ ಈಗ ಎಳೆಗಳೇ ಜಜ್ಜಿ ತೆಳುವಾಗುತ್ತಿವೆ. ನಿಮಗೆ ಬೇಕಾದದ್ದು ಆ ಸಮತಟ್ಟಿನ ನಡುಭಾಗ. ತುತ್ತತುದಿಯ ಅಂಕಿ ಆಸೆ ಹುಟ್ಟಿಸುತ್ತದೆ, ಅದರ ಬೆನ್ನು ಹತ್ತಬೇಡಿ. ನಾಳೆ ಬರುವ ರೋಲ್ ತುಸು ಬೇರೆಯಾಗಿದ್ದರೂ ಅಲ್ಲಿಂದ ಜಾರಿಬೀಳುತ್ತೀರಿ.

ಒಂದೇ ಸಲಕ್ಕೆ ಎರಡು ತಿರುಪು ತಿರುಗಿಸಿದರೆ ಯಾವುದರಿಂದ ಏನಾಯಿತೆಂದು ದೇವರಿಗೇ ಗೊತ್ತು.

7. ಬೆಸೆಯಿರಿ

ಕಣ್ಣಿಗೆ ಕನ್ನಡಕ, ಕಿವಿಗೆ ರಕ್ಷಣೆ ಇರಲಿ; ಕೈಯ ಉಂಗುರ ಬಳೆ ತೆಗೆದಿಡಿ. 20 ಕಿಲೋಹರ್ಟ್ಸ್ ಕಿವಿಗೆ ಕೇಳಿಸದಿದ್ದರೂ ಅದುರುವ ವೈರ್ ಮತ್ತು ಲೋಹದ ಭಾಗಗಳು ಕೇಳಿಸುವ ಕೀರಲು ಸದ್ದು ಮಾಡುತ್ತವೆ, ದಿನವಿಡೀ ಕೇಳಿದರೆ ಕಿವಿಗೆ ಪೆಟ್ಟು. ದವಡೆ ಬೆರಳನ್ನು ಪುಡಿಮಾಡುವಷ್ಟು ಬಲವಾಗಿ ಮುಚ್ಚುತ್ತದೆ. ರಕ್ಷಣಾ ಕವಚವನ್ನೋ ಎರಡೂ ಕೈಯಿಂದ ಒತ್ತಬೇಕಾದ ಬಟನ್ನನ್ನೋ ಕೆಲಸ ಬೇಗ ಆಗಲಿ ಎಂದು ತಪ್ಪಿಸಬೇಡಿ. ಅದುರುತ್ತಿರುವ ಹಾರ್ನ್ ಮುಟ್ಟಿದರೆ ಚರ್ಮ ಸುಡುತ್ತದೆ.

ಮಿಕ್ಕದ್ದು ಒಂದು ಸೆಕೆಂಡಿನೊಳಗಿನ ಮಾತು.

8. ಪರೀಕ್ಷಿಸಿ

ಕಣ್ಣು ಮೊದಲು. ನಗೆಟ್ ಹೆಚ್ಚುಕಡಿಮೆ ಚೌಕವಾಗಿ, ಹಲ್ಲಿನ ಗುರುತು ಸ್ಪಷ್ಟವಾಗಿ ಮೂಡಿ, ಹೊರಗೆ ಬಿಡಿ ಎಳೆಗಳಿಲ್ಲದೆ ಇರಬೇಕು. ಕಡುನೀಲಿಗೆ ತಿರುಗಿದ್ದರೆ, ಅಂಚಿನಲ್ಲಿ ಎಳೆ ತುಂಡಾಗಿದ್ದರೆ ಅತಿಯಾಯಿತು.

ಆಮೇಲೆ ಎತ್ತರ. ನಮ್ಮ 4.5 ಚದರ ಮಿಲಿಮೀಟರ್ ಇಲ್ಲಿ ಕೆಲಸಕ್ಕೆ ಬರುತ್ತದೆ. ದವಡೆಯ ಅಗಲ 2.2 ಮಿಲಿಮೀಟರ್ ಇಟ್ಟಿದ್ದರೆ, ಒಂದಿಷ್ಟೂ ಖಾಲಿ ಇಲ್ಲದ ಘನ ತಾಮ್ರದ ಎತ್ತರ 2.05 ಮಿಲಿಮೀಟರ್ ಆಗುತ್ತಿತ್ತು. ಎಳೆಗಳ ನಡುವೆ ಚೂರುಪಾರು ಜಾಗ ಉಳಿಯುವುದರಿಂದ ನಿಜವಾದ ನಗೆಟ್ ಇದಕ್ಕಿಂತ ತುಸು ಎತ್ತರವಿರುತ್ತದೆ. ಬಹಳ ಎತ್ತರ ಬಂದರೆ ಸರಿಯಾಗಿ ಅದುಮಿಲ್ಲ. 2.05ಕ್ಕಿಂತ ಕೆಳಗಿಳಿದರೆ ಒಂದು ವೈರ್ ಹಾಕುವುದೇ ಮರೆತಿದ್ದೀರಿ, ಇಲ್ಲವೇ ಎಳೆಗಳು ಆಚೆಗೆ ಹಿಂಡಿಕೊಂಡು ಹೋಗಿವೆ. ಯಂತ್ರವೂ ಬೆಸೆಯುವ ಮೊದಲು ಮತ್ತು ನಂತರ ಇದೇ ಎತ್ತರ ಅಳೆದು ಎಚ್ಚರಿಸುತ್ತದೆ. ಆ ಎಚ್ಚರಿಕೆ ಪದೇ ಪದೇ ಬರುತ್ತದೆಂದು ಮಿತಿಯನ್ನೇ ಸಡಿಲಿಸುವವರನ್ನು ಕಂಡಿದ್ದೇನೆ. ಹೊಗೆ ಕಂಡು ಗಂಟೆ ಬಾರಿಸಿದವನ ಬಾಯಿ ಕಟ್ಟಿದಂತೆ.

ಕೊನೆಗೆ ನಾಶಮಾಡಿ ನೋಡುವ ಪರೀಕ್ಷೆ, ಮುಖ್ಯವಾದದ್ದು ಇದೇ. ನಗೆಟ್ಟನ್ನು ವೈಸ್‌ನಲ್ಲಿ ಹಿಡಿದು ಅತಿ ಸಣ್ಣ ವೈರನ್ನು ಇಕ್ಕಳದಿಂದ ಬಾಳೆಹಣ್ಣಿನ ಸಿಪ್ಪೆ ಸುಲಿದಂತೆ ಹಿಂದಕ್ಕೆ ಎಳೆಯಿರಿ. ಎಳೆಗಳು ಹರಿದು, ಅವುಗಳ ತುಣುಕು ನಗೆಟ್‌ನಲ್ಲೇ ಉಳಿದರೆ ಬೆಸುಗೆ ಹಿಡಿದಿದೆ. ವೈರ್ ಇಡಿಯಾಗಿ, ನುಣ್ಣಗೆ ಬಿಟ್ಟುಕೊಂಡರೆ ಹಿಡಿದಿಲ್ಲ, ಹೊರಗಿನಿಂದ ಎಷ್ಟೇ ಅಂದವಾಗಿರಲಿ. ಇದಲ್ಲದೆ ಎಳೆತದ ಯಂತ್ರದಲ್ಲಿ ನೇರವಾಗಿ ಎಳೆದು ನ್ಯೂಟನ್‌ಗಳಲ್ಲಿ ಅಳೆಯಬೇಕು. ಎಷ್ಟು ನ್ಯೂಟನ್ ತಾಳಬೇಕು ಎನ್ನುವುದು ಕೆಲಸ ಕೊಟ್ಟವರ ಮಾನದಂಡದಲ್ಲಿರುತ್ತದೆ. ನೋಟದ ಮಟ್ಟಿಗೆ, ಹಾರ್ನೆಸ್ ಕೆಲಸದಲ್ಲಿ ವ್ಯಾಪಕವಾಗಿ ಬಳಸುವ ಐಪಿಸಿ/ಡಬ್ಲ್ಯುಎಚ್‌ಎಂಎ-ಎ-620 ಮಾನದಂಡದಲ್ಲಿ ಅಲ್ಟ್ರಾಸಾನಿಕ್ ಬೆಸುಗೆಗೆಂದೇ ಅಧ್ಯಾಯವಿದೆ.

ಪಾಳಿ ಶುರುವಾದಾಗ, ರೋಲ್ ಬದಲಾದಾಗ, ಹಾರ್ನ್ ತಿರುಗಿಸಿದಾಗ ಈ ಪರೀಕ್ಷೆ ತಪ್ಪಿಸಬೇಡಿ. ಫೇಲಾದ ತುಂಡನ್ನು ಮತ್ತೆ ಯಂತ್ರಕ್ಕಿಟ್ಟು ಇನ್ನೊಂದು ಸಲ ಬೆಸೆಯುವುದು ಬೇಡ. ಒಮ್ಮೆ ಗಟ್ಟಿಯಾದ ಎಳೆ ಎರಡನೆಯ ಸಲ ಕೂಡುವುದಕ್ಕಿಂತ ಬಿರಿಯುವುದೇ ಹೆಚ್ಚು. ಕತ್ತರಿಸಿ, ಹೊಸದಾಗಿ ಸುಲಿಯಿರಿ.

9. ಮುಚ್ಚಿ

ನಗೆಟ್‌ನ ಮೂಲೆಗಳು ಚೂಪಾಗಿರುತ್ತವೆ, ಬರಿ ಟೇಪ್ ಸುತ್ತಿದರೆ ಕಾಲಕ್ರಮೇಣ ತೂರಿ ಬರಬಹುದು. ಒಳಮೈಗೆ ಅಂಟು ಸವರಿರುವ ಹೀಟ್ ಶ್ರಿಂಕ್ ಸ್ಲೀವ್ ಒಳ್ಳೆಯದು; ಬಿಸಿ ಮಾಡಿದಾಗ ಕೊಳವೆ ಕುಗ್ಗಿ, ಅಂಟು ಕರಗಿ ಸಂದುಗಳನ್ನು ತುಂಬುತ್ತದೆ. ಇನ್ಸುಲೇಷನ್ ಇರುವ ಕಡೆಯಲ್ಲೆಲ್ಲ ಸ್ಲೀವ್ ಅದರ ಮೇಲೆ ಹತ್ತಿ ಕೂತಿರಬೇಕು, ತುದಿಯಲ್ಲಿ ಅಂಟು ಇಣುಕಬೇಕು. ಇನ್‌ಲೈನ್ ಜೋಡಣೆಗೆ ಸ್ಲೀವನ್ನು ಬೆಸೆಯುವ ಮೊದಲೇ ವೈರಿಗೆ ಪೋಣಿಸಿಡಿ. ಇದನ್ನು ಮರೆತು ಹಣೆ ಚಚ್ಚಿಕೊಳ್ಳದ ಕೆಲಸಗಾರ ಇನ್ನೂ ಹುಟ್ಟಿಲ್ಲ.

ಒಂದು ವೈರಿನಲ್ಲಿ ಎರಡು ಬೆಸುಗೆ ಇದ್ದರೆ

ಮೊದಲಿನ ಬೆಸುಗೆ ಸರಿಯಿತ್ತು, ಪಕ್ಕದಲ್ಲಿ ಇನ್ನೊಂದು ಹಾಕಿದ ಮೇಲೆ ಅದು ಸಡಿಲವಾಯಿತು ಎಂದು ಈಚೆಗೆ ಹಲವರು ಬರೆದಿದ್ದಾರೆ. ಕಂಪನ ಹಾರ್ನ್‌ನ ಬಾಯಲ್ಲೇ ನಿಲ್ಲುವುದಿಲ್ಲ, ವೈರ್ ಉದ್ದಕ್ಕೂ ಓಡುತ್ತದೆ. ದಾರಿಯಲ್ಲಿ ಹಳೆಯ ನಗೆಟ್, ಕ್ರಿಂಪ್ ಮಾಡಿದ ಟರ್ಮಿನಲ್ ಅಥವಾ ಚಿಕ್ಕ ಎಲೆಕ್ಟ್ರಾನಿಕ್ ಬಿಡಿಭಾಗ ಸಿಕ್ಕರೆ ಅದನ್ನೂ ಅಲುಗಿಸುತ್ತದೆ. ಎರಡು ಬೆಸುಗೆಗಳ ನಡುವೆ ಸಾಧ್ಯವಾದಷ್ಟು ಅಂತರ ಬಿಡಿ, ನಡುವಿನ ವೈರನ್ನು ಬಿಗಿಯಾಗಿ ಎಳೆದಿಡದೆ ಸಡಿಲ ಬಿಡಿ, ಟರ್ಮಿನಲ್‌ಗಳನ್ನು ಬೆಸುಗೆಯ ನಂತರ ಹಾಕುವಂತೆ ಕೆಲಸದ ಕ್ರಮ ಬದಲಿಸಿ. ಅದೂ ಆಗದಿದ್ದರೆ ಹಳೆಯ ಬೆಸುಗೆಯ ಈಚೆಗೆ ಮೆತ್ತನೆಯ ಕ್ಲ್ಯಾಂಪ್ ಹಾಕಿ ಕಂಪನವನ್ನು ಅಲ್ಲೇ ತಡೆಯಿರಿ, ಮತ್ತು ಎಂಟನೆಯ ಹಂತದ, ಇಕ್ಕಳದಿಂದ ಹಿಂದಕ್ಕೆ ಎಳೆಯುವ ಪರೀಕ್ಷೆಯನ್ನು ಹೊಸದರ ಜೊತೆ ಹಳೆಯದಕ್ಕೂ ಮಾಡಿ.